ಮೈಲೇಜ್ ಮೀಮಾಂಸೆ

1. ಲಕ್ಷಣ ಮತ್ತು ಪ್ರಮಾಣ

ಒಂದು ಲೀಟರ್ ತೈಲದಲ್ಲಿ ಕಾರು ಕ್ರಮಿಸುವ ದೂರಕ್ಕೆ ಮೈಲೇಜ್ ಎಂದು ಹೆಸರು. ಅಳತೆ ಕಿಲೋಮೀಟರಿನದು, ಮೈಲು ಹೆಸರಿನಲ್ಲಿ ಮಾತ್ರ ಉಳಿದಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈ ಶಾಸ್ತ್ರದ ಮೂಲಸೂತ್ರ ಎರಡೇ ಪದದ್ದು: ‘ಎಷ್ಟು ಕೊಡ್ತದೆ?’ ಕೊಡುವುದು ಕಾರು, ಪಡೆಯುವುದು ಮಾಲೀಕ. ಬಂಕಿನಲ್ಲಿ ಕೊಟ್ಟವರು ಯಾರು ಎಂಬ ವಿಷಯದಲ್ಲಿ ಸೂತ್ರ ಮೌನ ವಹಿಸುತ್ತದೆ.

ಪ್ರಮಾಣಗಳು ಎರಡು: ಪ್ರತ್ಯಕ್ಷ ಮತ್ತು ಶಬ್ದ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಪುನಃ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸುವುದು ಪ್ರತ್ಯಕ್ಷ. ಮದುವೆಯ ಪಂಕ್ತಿಯಲ್ಲಿ ಕುಳಿತು ಹೇಳುವುದು ಶಬ್ದ. ಪ್ರತ್ಯಕ್ಷದಲ್ಲಿ ಬಂದ 16, ಸಾರು ಬಡಿಸುವಾಗ 18, ಪಾಯಸದ ಹೊತ್ತಿಗೆ 21. ಪಕ್ಕದ ಎಲೆಯವರ ಕಾರು 22 ಕೊಡುವುದಾದರೆ ಅಂತಿಮ ಅಂಕಿಗೆ ಮಜ್ಜಿಗೆಯ ತನಕ ಕಾಯಬೇಕು.

2. ಬಂಟ್ವಾಳದ ನಿಶ್ಚಲ ಪಂಥ

ಬಿ.ಸಿ.ರೋಡ್ ಎಂಬುದು ಬಂಟ್ವಾಳ ಕ್ರಾಸ್ ರೋಡಿನ ಸಂಕ್ಷಿಪ್ತ ರೂಪ. ಹೆಸರನ್ನು ಸಂಕ್ಷಿಪ್ತಗೊಳಿಸಿದಷ್ಟು ಸುಲಭವಾಗಿ ಅದನ್ನು ದಾಟಲಾಗದ್ದರಿಂದ ಇಲ್ಲಿ ನಿಶ್ಚಲ ಪಂಥ ಬೆಳೆಯಿತು. ಕಾರು ಓಡದಿದ್ದರೆ ಪೆಟ್ರೋಲು ಖರ್ಚಾಗದು ಎಂಬುದು ಇದರ ವಾದ. ಇಂಜಿನ್ ಓಡುತ್ತಿರುವುದನ್ನು ಅದು ಗಣಿಸುವುದಿಲ್ಲ. ನಿಂತಲ್ಲೇ ಓಡುವ ಇಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ತೈಲ ಉರಿಸುತ್ತದೆ. ಕಲ್ಲಡ್ಕದ ಕೆ.ಟಿ. ಎಂಬ ಚಹಾದಲ್ಲಿ ಹಾಲೂ ಡಿಕಾಕ್ಷನ್ನೂ ಬೆರೆಯದೆ ಪದರವಾಗಿ ನಿಲ್ಲುತ್ತವೆ. ಆ ಪದರ ಕದಡದಂತೆ ಹತ್ತು ನಿಮಿಷ ಕೂತು ಕುಡಿದು ಮುಗಿಸುವಷ್ಟರಲ್ಲಿ, ಎಸಿ ಹಾಕಿ ಹೊರಗೆ ನಿಲ್ಲಿಸಿದ ಕಾರೂ ಹೆಚ್ಚುಕಡಿಮೆ ಒಂದು ಗ್ಲಾಸು ಕುಡಿದಿರುತ್ತದೆ. ಚಹಾದ ಬಿಲ್ಲಿಗಾಗಿ ಜಗಳವಾಡುವವರು ಇದಕ್ಕಾಗಿ ಜಗಳವಾಡಿದ್ದು ದಾಖಲಾಗಿಲ್ಲ.

3. ಬೆಳ್ತಂಗಡಿಯ ಪ್ರಪಾತ ಪಂಥ

ಚಾರ್ಮಾಡಿ ಘಾಟಿ ಬೆಳ್ತಂಗಡಿ ತಾಲೂಕನ್ನು ಮೇಲಿನ ಕೊಟ್ಟಿಗೆಹಾರಕ್ಕೆ ಜೋಡಿಸುತ್ತದೆ. 1,200 ಕೆ.ಜಿ.ಯ ಕಾರನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಇಂಧನದ ಶಕ್ತಿಯ ಕಾಲುಭಾಗ ಚಕ್ರಕ್ಕೆ ಸಿಗುತ್ತದೆಂದು ಹಿಡಿದರೆ, ಏರಿಕೆಗೆಂದೇ ಸುಮಾರು 150 ಮಿಲಿಲೀಟರ್ ಪೆಟ್ರೋಲು ಬೇಕು. ಹೋಗುವಾಗ ಕೊಟ್ಟದ್ದನ್ನು ಬರುವಾಗ ವಸೂಲು ಮಾಡಬೇಕೆಂಬುದು ಪೂರ್ವಪಕ್ಷ. ಆದ್ದರಿಂದ ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್ ಮಾಡಬೇಕು. ಮುಂದಿನದು ದೇವರ ಇಚ್ಛೆ.

ಸಿದ್ಧಾಂತ ಬೇರೆಯೇ ಇದೆ. ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರು ಬಿದ್ದಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಳಿಯುವಾಗ ತೈಲದ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ನನ್ನು ಜೀವಂತ ಇಡಲಿಕ್ಕೇ ತೈಲ ಹರಿಯುತ್ತಿರಬೇಕು. ಇಂಜಿನ್ನಿನ ಹಿಡಿತ ತಪ್ಪುವುದರಿಂದ ಬ್ರೇಕೂ ಕಾಯುತ್ತದೆ. ಹೀಗೆ ಪ್ರಪಾತ ಪಂಥದವರು ಹೆಚ್ಚು ತೈಲ ಸುಟ್ಟು, ಬ್ರೇಕ್ ಪ್ಯಾಡ್ ಸವೆಸಿ, ಉಳಿತಾಯದ ತೃಪ್ತಿಯನ್ನು ಗಳಿಸುತ್ತಾರೆ.

4. ಮೂಡುಬಿದಿರೆಯ ಅಪರಿಗ್ರಹ ಪಂಥ

1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಇರುವ ಜೈನಕಾಶಿಯಲ್ಲಿ ಅಪರಿಗ್ರಹದ ಪರಿಚಯ ಎಲ್ಲರಿಗೂ ಇದೆ. ಕಾರಿನ ಡಿಕ್ಕಿಗೆ ಮಾತ್ರ ಅದಿನ್ನೂ ತಲುಪಿಲ್ಲ. ಸುಮಾರು 45 ಕೆ.ಜಿ. ಹೆಚ್ಚುವರಿ ಭಾರಕ್ಕೆ ಮೈಲೇಜ್ ಶೇಕಡಾ 1ರಷ್ಟು ತಗ್ಗುತ್ತದೆ. ಮಾದರಿ ಡಿಕ್ಕಿಯೊಂದರ ಉತ್ಖನನದಲ್ಲಿ ಮೇಲಿನ ಸ್ತರದಲ್ಲಿ ಒದ್ದೆ ಕೊಡೆಗಳು. ಅದರ ಕೆಳಗೆ ಹಂಚಿ ಉಳಿದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಗಳು. ಇನ್ನೂ ಕೆಳಗೆ ಅರ್ಧ ಗೋಣಿ ಅಡಿಕೆ, ನಾಲ್ಕು ತೆಂಗಿನಕಾಯಿ, ಹಿಂತಿರುಗಿಸಬೇಕಾದ ಅಕ್ಕನ ಮನೆಯ ಪಾತ್ರೆ. ತಳದಲ್ಲಿ ಗಾಳಿಯಿಲ್ಲದ ಸ್ಟೆಪ್ನಿ. ಪಾತ್ರೆಯನ್ನು ಹಿಂತಿರುಗಿಸಲು ಹೋದರೆ ಅಕ್ಕ ಬರಿಗೈಯಲ್ಲಿ ಕಳಿಸುವುದಿಲ್ಲವಾದ್ದರಿಂದ ಈ ಭಾರ ಎಂದಿಗೂ ಇಳಿಯದು.

5. ವಾಯುತತ್ತ್ವ

ವಾಯು ಎರಡು ಬಗೆ: ಟಯರಿನ ಒಳಗಿನದು, ಕಾರಿನ ಹೊರಗಿನದು. ಒಳಗಿನದು ಕಡಿಮೆಯಾದರೆ ಟಯರು ರಸ್ತೆಗೆ ಅಂಟಿಕೊಂಡು ಉರುಳುತ್ತದೆ. ತೈಲವೂ ಹೆಚ್ಚು ಬೇಕು, ಟಯರೂ ಬೇಗ ಸವೆಯುತ್ತದೆ. ಎಷ್ಟು ಗಾಳಿ ಇರಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಪ್ರಾಂತ್ಯದಲ್ಲಿ ಬಳಕೆಯಲ್ಲಿರುವುದಾದರೋ ಪಾದಪರೀಕ್ಷೆ: ಟಯರಿಗೆ ಒಮ್ಮೆ ಒದ್ದು ‘ಉಂಟು’ ಎನ್ನುವುದು. ಹೊರಗಿನ ವಾಯು ವೇಗದ ವರ್ಗಕ್ಕೆ ಅನುಗುಣವಾಗಿ ತಡೆಯುತ್ತದೆ. ಗಂಟೆಗೆ 60 ಕಿ.ಮೀ. ಇದ್ದದ್ದು 90ಕ್ಕೇರಿದರೆ ತಡೆ 2.25 ಪಟ್ಟು. ಮುಂದಿನ ಬಸ್ಸನ್ನು ಹಿಂದೆ ಹಾಕಿದ ಸಂತೋಷದ ಬೆಲೆ ಇದು. ಮುಂದಿನ ಹೊಂಡದಲ್ಲಿ ಬ್ರೇಕ್ ಒತ್ತಿದಾಗ ಆ ಸಂತೋಷ ಶಾಖವಾಗಿ ಪರಿವರ್ತನೆಗೊಳ್ಳುತ್ತದೆ.

6. ಕಾಲನಿರ್ಣಯ

ಮೂರೂ ಪಂಥಗಳಿಗೆ ಒಪ್ಪಿತವಾದ ತೈಲ ಉಳಿತಾಯದ ಸಾಧನ ಪಂಚಾಂಗ. ತುಳುವರ ಬೇಶ ತಿಂಗಳ 10ರ ಪತ್ತನಾಜೆಗೆ ನೇಮ, ಕೋಲ, ಬಯಲಾಟಗಳು ಮುಗಿಯುತ್ತವೆ. ಆಟಿ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಕಾರಿಗೆ ಹೋಗಲು ಊರೇ ಇಲ್ಲ. ಆದರೆ ಇದಕ್ಕೂ ಒಂದು ಆಕ್ಷೇಪವಿದೆ: ಮಳೆಗೆ ಶೆಡ್ಡು ಹೊಕ್ಕ ಇಲಿ ಬಾನೆಟ್ಟಿನೊಳಗಿನ ವಯರು ಕಡಿಯುತ್ತದೆ, ನಿಂತ ಕಾರಿನ ಬ್ಯಾಟರಿ ಡೌನ್ ಆಗುತ್ತದೆ. ಉಳಿದ ಪೆಟ್ರೋಲಿನ ದುಡ್ಡನ್ನು ಮೆಕ್ಯಾನಿಕ್ಕಿಗೂ ಎಲೆಕ್ಟ್ರಿಷಿಯನ್ನಿಗೂ ಹಂಚಬೇಕು.

ಸೋಣ ತಿಂಗಳು ಬಂದು ಮೊದಲ ಮದುವೆಗೆ ಹೊರಡುವಾಗ ಕಾರು ಸ್ಟಾರ್ಟ್ ಆಗುವುದಿಲ್ಲ. ಆಗ ನೆರೆಯವರು ನಾಲ್ವರು ಹಿಂದಿನಿಂದ ದೂಡುತ್ತಾರೆ. ಅಂಗಳದಿಂದ ಗೇಟಿನ ತನಕದ 50 ಮೀಟರಿಗೆ ತಗಲಿದ ಪೆಟ್ರೋಲು ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ ಗಣಿತಜ್ಞರು ಉತ್ತರವಿಲ್ಲ ಎನ್ನುತ್ತಾರೆ. ಮಾಲೀಕನಲ್ಲಿ ಉತ್ತರ ಇರುತ್ತದೆ. ಅದು ಪಾಯಸದ ಹೊತ್ತಿಗೆ ತಿಳಿಯುತ್ತದೆ.