ಪರದೇಶದಲ್ಲಿ ಮಗ: ಮೂರು ತಾಲ್ಲೂಕಿನ ಪಾಲಕರಿಗೊಂದು ಶಾಸ್ತ್ರೀಯ ಕೈಪಿಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಓದಲಿಕ್ಕೆಂದು ಜರ್ಮನಿಗೆ ಹೋದ ಮಗ ದಿನಕ್ಕೊಂದು ಊರಿನ ಫೋಟೊ ಕಳಿಸತೊಡಗಿದರೆ ಪಾಲಕರು ಗಾಬರಿಪಡಬೇಕಿಲ್ಲ. ಊರು ನೋಡುವುದು ಉನ್ನತ ಶಿಕ್ಷಣದ ಅಂಗ. ಈ ವಿಷಯದಲ್ಲಿ ಶಾಸ್ತ್ರಬದ್ಧ ಬರವಣಿಗೆ ಇರಲಿಲ್ಲವಾಗಿ ಈ ಕೈಪಿಡಿ.

ವಿದ್ಯಾರ್ಥಿಗಳಲ್ಲಿ ಮೂರು ಪ್ರಭೇದಗಳಿವೆ. ಆಳಂದ ಪ್ರಭೇದಕ್ಕೆ ಪರಸ್ಥಳದ ಓದು ಹೊಸದಲ್ಲ. ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕೇರಳದ ಹುಡುಗರು ಅಲ್ಲಿಗೆ ಬಂದು ಬಿಸಿಲು ನೋಡಿ ಬೆರಗಾಗುವುದನ್ನು ಕಂಡೇ ಇವನು ಬೆಳೆದದ್ದು. ಅದೇ ಮುಖ ಹೊತ್ತು ಕೊಲೋನಿನಲ್ಲಿ ಹಿಮ ನೋಡುತ್ತಾನೆ.

ಅಫಜಲಪುರ ಪ್ರಭೇದ ಬದುಕುಳಿಯುವುದರಲ್ಲಿ ಮುಂದು. ಭೀಮಾ-ಅಮರ್ಜಾ ಸಂಗಮದ ದೇವಲ ಗಾಣಗಾಪುರದಲ್ಲಿ ದತ್ತನ ಭಕ್ತರು ಮಧ್ಯಾಹ್ನ ಐದು ಮನೆ ಭಿಕ್ಷೆ ಬೇಡುವ ಪದ್ಧತಿಯುಂಟು; ಶ್ರೀಮಂತರೂ ಜೋಳಿಗೆ ಹಿಡಿಯುತ್ತಾರೆ. ಈ ತರಬೇತಿ ಪಡೆದವನಿಗೆ ಪರದೇಶದಲ್ಲಿ ಗುರುದ್ವಾರ, ಗುಡಿ, ಭಾರತೀಯರ ಸಂಘ, ವಿಶ್ವವಿದ್ಯಾಲಯದ ಸ್ವಾಗತ ಸಮಾರಂಭ, ಸೀನಿಯರ್ ಕೋಣೆ ಸೇರಿ ಐದು ಮನೆ ಸಲೀಸಾಗಿ ಸಿಗುತ್ತವೆ.

ಜೇವರ್ಗಿ ಪ್ರಭೇದ ತಿರುಗುಮುರುಗು. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಇದೇ ತಾಲ್ಲೂಕಿನದು. ಹೀಗಾಗಿ ಇವನು ಕೋಣೆಯ ಎಲ್ಲರಿಗೂ ಅಡುಗೆ ಮಾಡಿ ಬಡಿಸುತ್ತಾನೆ. ಕೈ ತೊಳೆದ ಮೇಲೆ ಆ್ಯಪಿನಲ್ಲಿ ತಲೆಗಿಷ್ಟು ಅಂತ ಲೆಕ್ಕ ಹಚ್ಚುತ್ತಾನೆ. ಇದು ದಾಸೋಹದ ಯುರೋಪಿಯನ್ ಶಾಖೆ.

ಇನ್ನು ಸ್ಥಳಗಳು. ಕೊಲೋನಿನ ಚರ್ಚಿನ ಎತ್ತರ 157 ಮೀಟರ್. ಗೋಪುರಕ್ಕೆ 533 ಮೆಟ್ಟಿಲು. ಪಾಲಕರಿಗೆ ಎತ್ತರಕ್ಕಿಂತ ಇತಿಹಾಸ ಬೇಗ ತಿಳಿಯುತ್ತದೆ: ಕೆಲಸ ಶುರುವಾದದ್ದು 1248ರಲ್ಲಿ, ನಡುವೆ ಮುನ್ನೂರು ವರ್ಷದ ಹತ್ತಿರ ನಿಂತು, ಮುಗಿದದ್ದು 1880ರಲ್ಲಿ. “ಅಂದ್ರ ಅಲ್ಲೀನೂ ನೀರಾವರಿ ಇಲಾಖಿ ಅದ ಅನ್ನು” ಎಂದು ಅಪ್ಪ ಸಮಾಧಾನಪಟ್ಟುಕೊಳ್ಳುವುದು ಸಹಜ ಪ್ರತಿಕ್ರಿಯೆ.

ಚರ್ಚಿನ ಪಕ್ಕದಲ್ಲೇ ರೈನ್ ನದಿಯ ಸೇತುವೆ. ಅದರ ಸರಳುಗಳಿಗೆ ಪ್ರೇಮಿಗಳು ಲೆಕ್ಕವಿಲ್ಲದಷ್ಟು ಕೀಲಿ ಜಡಿದಿದ್ದಾರೆ. ವಿಡಿಯೊ ಕಾಲಿನಲ್ಲಿ ಇದನ್ನು ತೋರಿಸುವಾಗ ಎಚ್ಚರ. ಕಟ್ಟಿಸಂಗಾವಿ ಸೇತುವೆಯ ಮೇಲಿಂದ ಭೀಮೆಯನ್ನು ನೋಡಿದ ಅವ್ವ ಕೇಳುವುದು ಎರಡೇ ಪ್ರಶ್ನೆ: “ಅಲ್ಲೋ ತಮ್ಮಾ, ಮನಿಗಿ ಹಾಕೋ ಕೀಲಿ ಬ್ರಿಜ್ಜಿಗ್ಯಾಕ ಹಾಕ್ಯಾರ? ನಿಂದೂ ಒಂದ್ ಅದ ಏನ್?” ಎರಡನೆಯದಕ್ಕೆ ಈ ಶಾಸ್ತ್ರದಲ್ಲಿ ಉತ್ತರವಿಲ್ಲ.

ಹಬ್ಬದ ಪ್ರಕರಣ ಹೆಚ್ಚು ತಾಂತ್ರಿಕ. ದೀಪಾವಳಿ ಎಲ್ಲೂ ನಡೆಯುತ್ತದೆ. ಎಳ್ಳ ಅಮಾಸಿಗೆ ಹೊಲ ಬೇಕು. ಬೆಳೆದುನಿಂತ ಜೋಳ, ಪಾಂಡವರೆಂದು ಪೂಜೆಗಿಡಲು ಐದು ಕಲ್ಲು, ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ, ಭೂಮಿತಾಯಿಯ ಎಡೆಯಾದ ಚರಗವನ್ನು ಹೊಲದ ತುಂಬ ಚೆಲ್ಲಲಿಕ್ಕೆ ಒಂದು ಕೈ. 2024ರಲ್ಲಿ ಈ ಹಬ್ಬ ಬಿದ್ದದ್ದು ಡಿಸೆಂಬರ್ 30ಕ್ಕೆ. ಆ ಹೊತ್ತಿಗೆ ಜರ್ಮನಿಯ ನೆಲ ಚಳಿಗೆ ಸೆಟೆದಿರುತ್ತದೆ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ ಬೀಳುವ ನಗರಗಳು ಅಲ್ಲಿ ಬಹಳ. ಭೂಮಿತಾಯಿಗೆ ಉಣಿಸಿದೆ ಎಂಬ ಸಮಜಾಯಿಷಿ ಯಾವ ಕಲಮಿನಡಿ ಬರುತ್ತದೆಂದು ಪೊಲೀಸರಿಗೂ ತಿಳಿಯದು.

ಆದ್ದರಿಂದ ಶಿಫಾರಸು ಇಷ್ಟು: ರೈನ್ ದಂಡೆಯ ಐದು ಹರಳು, ಕಿಟಕಿಯಲ್ಲೊಂದು ಕೊತ್ತಂಬರಿ ಕುಂಡ, ಸೂಪರ್ ಮಾರ್ಕೆಟ್ಟಿನ ಪಾಲಕ್. ಚರಗವನ್ನು ಚಮಚದಲ್ಲಿ ಚೆಲ್ಲಬೇಕು. ಕುಂಡದ ವಿಸ್ತೀರ್ಣ ಪಹಣಿಯಲ್ಲಿ ದಾಖಲಾಗುವಷ್ಟಿಲ್ಲದ ಕಾರಣ ಹಬ್ಬ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಸಮಯದಲ್ಲಿ ಓದಬಹುದು.

ಕೊನೆಗೆ ಅಳತೆ. ವೀಸಾ ಬೇಕೆಂದರೆ ವಿದ್ಯಾರ್ಥಿ ಒಂದು ವರ್ಷದ ಖರ್ಚಿಗೆ 11,904 ಯೂರೋ ತೋರಿಸಬೇಕು. ಅದಕ್ಕೆಂದೇ ತೆರೆದ ಖಾತೆಯಲ್ಲಿ ಇಟ್ಟರೆ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಇದನ್ನು ರೂಪಾಯಿಯಲ್ಲಿ ಹೇಳಿದರೆ ಊರಿನಲ್ಲಿ ಎದೆ ಒಡೆದುಕೊಳ್ಳುವವರಿರುತ್ತಾರೆ. 2019ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ತೊಗರಿಯಲ್ಲಿ ಹೇಳುವುದು ಮೇಲು. ಯೂರೋಗೆ ನೂರು ರೂಪಾಯಿ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಎಂದು ಹಿಡಿದರೆ ಹತ್ತಿರಹತ್ತಿರ 149 ಕ್ವಿಂಟಲ್ ತೊಗರಿ. ಬೆಂಬಲ ಬೆಲೆ ನಿಜವಾಗಿ ಕೈಗೆ ಸಿಗುತ್ತದೆ ಎಂಬುದೊಂದೇ ಈ ಸೂತ್ರದಲ್ಲಿರುವ ಕಲ್ಪನೆ.

ಅಷ್ಟು ತೊಗರಿ ಒಂದೇ ವರ್ಷ ಬೆಳೆಯದ ಮನೆಗಳಲ್ಲಿ ಹೊಲವನ್ನು ಲಾವಣಿಗೆ ಹಾಕಿ, ಉಳಿದದ್ದಕ್ಕೆ ಸಾಲ ಎತ್ತುವುದು ರೂಢಿ. ಆಮೇಲೆ ಎಳ್ಳ ಅಮಾಸಿಗೆ ಚರಗ ಚೆಲ್ಲುವವನು ಲಾವಣಿ ಹಿಡಿದವನು. ಅಪ್ಪ ಬುತ್ತಿ ಕಟ್ಟಿಕೊಂಡು ಹೋಗಿ, ಬದುವಿನ ಮೇಲೆ ಕೂತು ಉಂಡು, ಬೆಳೆ ಚೆನ್ನಾಗಿದೆ ಅಂದು, ನಾಲ್ಕು ಫೋಟೊ ಹೊಡೆದು ಮಗನಿಗೆ ಕಳಿಸಿ, ಕತ್ತಲಾಗುವುದರೊಳಗೆ ಮನೆಗೆ ಬರುತ್ತಾನೆ. ಇವೆಲ್ಲ ಪ್ರವಾಸಿಯ ಲಕ್ಷಣಗಳೇ. ಶಾಸ್ತ್ರಕ್ಕೆ ಇನ್ನಾವ ಪುರಾವೆಯೂ ಬೇಕಿಲ್ಲ. ವ್ಯತ್ಯಾಸ ಟಿಕೆಟ್ಟಿನಲ್ಲಿ ಮಾತ್ರ. ಕೊಲೋನಿನ ಗೋಪುರ ಹತ್ತಲು ಮಗನಿಗೆ ವಿದ್ಯಾರ್ಥಿ ರಿಯಾಯಿತಿಯುಂಟು. ಅಪ್ಪನದು ಪೂರ್ತಿ ದರ.