ಗೃಹಋತು ಮೀಮಾಂಸೆ

ಋತುಗಳು ಆರು ಎಂಬುದು ಅವಿವಾಹಿತರ ಮತ. ಚೈತ್ರ-ವೈಶಾಖ ವಸಂತ, ಜ್ಯೇಷ್ಠ-ಆಷಾಢ ಗ್ರೀಷ್ಮ ಎಂದು ತಿಂಗಳುಗಳನ್ನು ಜೋಡಿಜೋಡಿಯಾಗಿ ಹಂಚಿದ ಪೂರ್ವಾಚಾರ್ಯರು ಒಂದೇ ಫ್ಯಾನಿನ ಕೆಳಗೆ ಸಂಸಾರಸಮೇತ ಮಲಗಿದವರಲ್ಲ ಎಂಬುದು ಆ ವಿಭಾಗದ ಅಚ್ಚುಕಟ್ಟುತನದಿಂದಲೇ ಸಿದ್ಧವಾಗುತ್ತದೆ. ಪ್ರಸ್ತುತ ಪ್ರಬಂಧಕಾರನು ಶಿವಮೊಗ್ಗದ ಗೃಹಸ್ಥ, ಇಬ್ಬರು ಮಕ್ಕಳ ತಂದೆ. ಆತನ ಸೂತ್ರ ಇಷ್ಟೇ: ಮನೆಯಲ್ಲಿ ಎಷ್ಟು ಜನವೋ ಅಷ್ಟು ಋತು.

ಮೇ ತಿಂಗಳ ಯಾವ ರಾತ್ರಿಯಾದರೂ ಇದಕ್ಕೆ ಸಾಕ್ಷಿ. ರೆಗ್ಯುಲೇಟರ್ 5ರಲ್ಲಿದೆ. ಗೃಹಿಣಿ "ಸೊಂಟ ಹಿಡಿಯುತ್ತೆ ಕಣ್ರೀ" ಎನ್ನುತ್ತ ಹೇಮಂತದಲ್ಲಿದ್ದಾಳೆ. ಮಗಳು ಗ್ರೀಷ್ಮದಲ್ಲಿ ಬೆವರುತ್ತಿದ್ದಾಳೆ. ಪ್ರಬಂಧಕಾರನ ತಾಯಿಗೆ ವರ್ಷವಿಡೀ ಶಿಶಿರ. ಅವರ ಸ್ವೆಟರಿಗೆ ಅಧಿಕಮಾಸದಲ್ಲೂ ರಜೆಯಿಲ್ಲ. ತೊಡಕಿರುವುದು ಮಗನಲ್ಲಿ. ಫ್ಯಾನು 5ರಲ್ಲೇ ಇರಬೇಕೆಂದು ಹಠ ಹಿಡಿದು, ಆಮೇಲೆ ತಲೆ ಮುಚ್ಚುವಂತೆ ರಗ್ಗು ಹೊದೆಯುತ್ತಾನೆ. ಒಂದೇ ಅಧಿಕರಣದಲ್ಲಿ ಎರಡು ವಿರುದ್ಧ ಧರ್ಮಗಳು ಹೀಗೆ ಒಟ್ಟಿಗೆ ಮಲಗುವುದನ್ನು ತಾರ್ಕಿಕರು ಒಪ್ಪುವುದಿಲ್ಲ. ತಾರ್ಕಿಕರನ್ನು ಕೇಳಿದವರು ಯಾರು ಎಂಬುದು ಮಗನ ನಿಲುವು. ಸೂತ್ರಕ್ಕೆ ಅಪವಾದವೆಂದರೆ ತಂದೆ. ನಡುರಾತ್ರಿ ಎದ್ದು ರೆಗ್ಯುಲೇಟರನ್ನು 3ಕ್ಕೆ ಇಳಿಸಿ ಬರುವ ಆತನಿಗೆ ಸ್ವಂತ ಋತುವಿಲ್ಲ. ಆತ ಬರೀ ಸಂಧಿಕಾಲ.

(ಪಂಚಾಂಗ ವಸಂತದಿಂದ ಹೊರಟರೆ ಕಾಳಿದಾಸನ 'ಋತುಸಂಹಾರ' ಗ್ರೀಷ್ಮದಿಂದ ಹೊರಟು ವಸಂತದಲ್ಲಿ ಮುಗಿಯುತ್ತದೆ. ಏಕೆಂದು ವಿದ್ವಾಂಸರು ಚರ್ಚಿಸಿಕೊಳ್ಳಲಿ. ಕರೆಂಟ್ ಬಿಲ್ಲು ಕಟ್ಟುವವರಿಗೆ ಈ ಕ್ರಮದಲ್ಲಿ ಸಂಶಯವೇ ಹುಟ್ಟುವುದಿಲ್ಲ.)

ಇನ್ನು ಮಳೆಯ ಜ್ಞಾನ. ಪ್ರಬಂಧಕಾರನ ತಂದೆಯವರು ಮಳೆಯನ್ನು ನಕ್ಷತ್ರದ ಹೆಸರು ಹಿಡಿದು ಕರೆಯುತ್ತಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಮೇ ಕೊನೆಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರೆ. ಆರಿದ್ರೆ ಹುಟ್ಟಿದ ಮೇಲೆ ಅವರು ಆಕಾಶ ನೋಡುತ್ತಿರಲಿಲ್ಲ. ಕೊಡೆ ತೆಗೆದುಕೊಂಡು ಹೊರಡುತ್ತಿದ್ದರು. ಮೊಮ್ಮಗನ ಕೈಯಲ್ಲಿರುವ ಫೋನು ಮಳೆಯ ಸಾಧ್ಯತೆ ಶೇ. 40 ಎನ್ನುತ್ತದೆ. ಶೇ. 40ರಷ್ಟು ಕೊಡೆ ಸಿಗುವುದಿಲ್ಲವಾದ್ದರಿಂದ ಅವನು ಬರಿಗೈಯಲ್ಲಿ ಹೋಗುತ್ತಾನೆ.

ಅನುಮಾನ ಪ್ರಮಾಣದಲ್ಲಿ ನೈಯಾಯಿಕರು ಮೂರು ಬಗೆ ಹೇಳುತ್ತಾರೆ. ಮಳೆಗೆ ಮೊದಲೆರಡೇ ಸಾಕು. ಮೋಡ ಕಂಡು ಮಳೆ ಬರುತ್ತದೆಂದು ತಿಳಿಯುವುದು ಪೂರ್ವವತ್. ನದಿ ಉಬ್ಬಿದ್ದು ಕಂಡು ಮೇಲೆಲ್ಲೋ ಮಳೆಯಾಗಿದೆಯೆಂದು ತಿಳಿಯುವುದು ಶೇಷವತ್. ನಮ್ಮೂರಲ್ಲಿ ಎರಡನೆಯದು ಬಲು ಸುಲಭ: ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿರುವ ಮಂಟಪ ಮುಳುಗಿದರೆ ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆ. ಮನೆಯೊಳಗೂ ಹಾಗೆಯೇ. ಹಜಾರದಲ್ಲಿ ನೀರಿನ ಹೆಜ್ಜೆ ಕಂಡರೆ ಮಗ ಬಂದಿದ್ದಾನೆ. ಅವನು ಮಾತ್ರ ಅಪ್ಪಟ ಚಾರ್ವಾಕ. ಪ್ರತ್ಯಕ್ಷದ ಹೊರತು ಬೇರೆ ಪ್ರಮಾಣ ಒಪ್ಪನು. ನೆತ್ತಿಯ ಮೇಲೆ ಬೀಳುವತನಕ ಮಳೆ ಅಸಿದ್ಧ.

ಇಲ್ಲಿಂದ ಪ್ರಬಂಧದ ಹೃದಯಭಾಗವಾದ ಕೊಡೆಯ ಅಭಾವಕ್ಕೆ ಬರಬೇಕು. ಅಭಾವ ನಾಲ್ಕು ಬಗೆಯದೆಂದು ಶಾಸ್ತ್ರ. ಪಾಠಶಾಲೆಗಳಲ್ಲಿ ಮಡಕೆಯನ್ನಿಟ್ಟುಕೊಂಡು ಕಲಿಸುವುದರಿಂದ ವಿದ್ಯಾರ್ಥಿಗಳು ನಿದ್ದೆ ಹೋಗುತ್ತಾರೆ; ಕೊಡೆಯಿಂದ ಕಲಿಸಿದರೆ ಒಂದೇ ಮಳೆಗಾಲ ಸಾಕು. ಮೇ ತಿಂಗಳಲ್ಲಿ "ಹೊಸ ಕೊಡೆ ತರೋಣ" ಎಂದರೆ "ಮೊದಲು ಮಳೆ ಬರಲಿ" ಎಂಬ ಉತ್ತರ ಬರುತ್ತದಲ್ಲ, ಅದು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಕೊಡೆ ಕೊಂಡ ದಿನ ಅಂತ್ಯವುಂಟು. ಕಡ್ಡಿ ಮುರಿದ ಮೇಲಿನದು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಏಕೆಂದರೆ ಮುರಿದ ಕೊಡೆಯನ್ನು ನಮ್ಮ ಮನೆಯಲ್ಲಿ ಯಾರೂ ರಿಪೇರಿಗೆ ಒಯ್ಯುವುದಿಲ್ಲ, ಬಿಸಾಡುವುದೂ ಇಲ್ಲ, ಅಟ್ಟಕ್ಕೆ ಹಾಕುತ್ತಾರೆ. ಮಗನ ಶಾಲಾಚೀಲದಲ್ಲಿರುವುದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲ. ಉಳಿದದ್ದು ಅನ್ಯೋನ್ಯಾಭಾವ, ಅಂದರೆ ಇದು ಅದಲ್ಲ, ಅದು ಇದಲ್ಲ. ಮದುವೆ ಛತ್ರದಿಂದ ಹೊರಡುವಾಗ ಗೃಹಿಣಿ ಬಾಗಿಲ ಮೂಲೆಯ ಕಪ್ಪು ಕೊಡೆಗಳ ರಾಶಿಯಿಂದ ಒಂದನ್ನು ಎತ್ತಿಕೊಂಡು ಬಂದಳು. ಅದು ನಮ್ಮದಲ್ಲ. ನಮ್ಮದಕ್ಕಿಂತ ಚೆನ್ನಾಗಿದೆ. "ನಮ್ಮದನ್ನ ಅವರು ಒಯ್ದಿರ್ತಾರೆ ಬಿಡಿ, ಲೆಕ್ಕ ಸರಿಹೋಯ್ತು" ಎಂದಳು. ಮಾನವ ಸ್ವಭಾವ ಕುರಿತು ಈ ಪ್ರಬಂಧದಲ್ಲಿ ಪ್ರತ್ಯೇಕ ಅಧ್ಯಾಯ ಇರಬೇಕಿತ್ತು; ಈ ಒಂದು ವಾಕ್ಯದಲ್ಲಿ ಅದು ಮುಗಿದಿರುವುದರಿಂದ ಬಿಡಲಾಗಿದೆ.

ಅರ್ಥಾಪತ್ತಿಯ ವಿಷಯ ಚುಟುಕಾಗಿ ಹೇಳಿ ಮುಗಿಸುವುದು ಪ್ರಬಂಧಕಾರನಿಗೇ ಕ್ಷೇಮ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಮೀಮಾಂಸಕರ ಪ್ರಸಿದ್ಧ ಉದಾಹರಣೆ. ಬೇಸಿಗೆಯಲ್ಲಿ ಲಟ್ಟಿಸಿ ಒಣಗಿಸಿಟ್ಟ ಹಲಸಿನ ಹಪ್ಪಳದ ಡಬ್ಬಿ ಆಷಾಢದಲ್ಲಿ ಅರ್ಧವಾದಾಗ, ಡಾಕ್ಟರ ಪಥ್ಯದಲ್ಲಿದ್ದೂ ತೂಕ ಇಳಿಯದ ಒಬ್ಬರನ್ನು ಕುರಿತು ಗೃಹಿಣಿ ಇದೇ ಪ್ರಮಾಣವನ್ನು ಹೂಡಿದಳು. ಇಲಿ ಎಂಬ ಪೂರ್ವಪಕ್ಷವನ್ನು ಮಂಡಿಸಲಾಯಿತು. ಇಲಿ ಹಪ್ಪಳವನ್ನು ಎಣ್ಣೆಯಲ್ಲಿ ಕರಿಯುವುದಿಲ್ಲ ಎಂದು ಮಗಳು ಖಂಡಿಸಿದಳು. ಚರ್ಚೆ ಮುಂದುವರಿದಿದೆ.

ಕೊನೆಗೆ ಶಬ್ದ ಪ್ರಮಾಣ. ಆಪ್ತನ ಮಾತು ಪ್ರಮಾಣ ಎಂಬುದು ಸರ್ವವಿದಿತ. ಆಪ್ತ ಯಾರು ಎಂಬಲ್ಲೇ ವಿವಾದ. "ರಾತ್ರಿ ಫ್ಯಾನು 3ರಲ್ಲಿದ್ದರೆ ಸಾಕು, ಕೊಡೆ ಚೀಲದಲ್ಲೇ ಇರಲಿ, ಒದ್ದೆ ಸಾಕ್ಸ್ ಹಾಕಿಕೊಳ್ಳಬೇಡ" ಎಂದು ತಂದೆ ಹೇಳಿದರೆ ಅದು ಗಾಳಿಯ ಸದ್ದು, ಧ್ವನಿಯಷ್ಟೇ, ಅರ್ಥವಿಲ್ಲ. ಇದೇ ಮಾತು ಬೆಂಗಳೂರಿನಲ್ಲಿರುವ ಭಾವಮೈದುನನ ವಾಟ್ಸಾಪಿನಿಂದ, ಕೆಳಗೆ ಒಂದು ಗುಲಾಬಿ ಹೂವಿನ ಚಿತ್ರದೊಂದಿಗೆ ಬಂದರೆ ವೇದವಾಕ್ಯ. "ನೋಡಿ, ಅಣ್ಣ ಎಷ್ಟು ಚೆನ್ನಾಗಿ ಕಳಿಸಿದಾನೆ" ಎಂದು ಅದನ್ನು ತಂದೆಗೇ ಓದಿ ಹೇಳಲಾಗುತ್ತದೆ. ವಾಕ್ಯದ ಪ್ರಾಮಾಣ್ಯ ವಾಕ್ಯದಲ್ಲಿಲ್ಲ, ಅದು ಎಷ್ಟು ದೂರದಿಂದ ಬಂತು ಎಂಬುದರಲ್ಲಿದೆ ಎಂದು ಇದರಿಂದ ಸಿದ್ಧ. ಆದಕಾರಣ ಪ್ರಸ್ತುತ ಪ್ರಬಂಧವನ್ನು ಪ್ರಬಂಧಕಾರನ ಹೆಸರು ತೆಗೆದು, ಗುಲಾಬಿ ಸೇರಿಸಿ, ಭಾವಮೈದುನನಿಗೆ ರವಾನಿಸಲಾಗಿದೆ.