ಘಟಪ್ರಭಾ ತೀರದಲ್ಲಿ ಪಿಎಚ್.ಡಿ. ಕೌಶಲ: ಒಂದು ಪೂರ್ವಗ್ರಹಪೂರ್ವಕ ಅಧ್ಯಯನ

ಈ ಪ್ರಬಂಧದ ವ್ಯಾಪ್ತಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು. ಮಿತಿ, ಕೊನೆಯ ಬಸ್ಸು. ಕೋರ್ಸ್‌ವರ್ಕ್‌ನಲ್ಲಿ ಕಲಿಸುವ ಸಂಶೋಧನಾ ಕೌಶಲ ಈ ಸೀಮೆಯಲ್ಲಿ ಚಲಾವಣೆಯಾಗುತ್ತದೆಯೇ ಎಂಬುದು ಸಮಸ್ಯೆ. ಆಗುವುದಿಲ್ಲ ಎಂಬುದು ಪ್ರಾಕ್ಕಲ್ಪನೆ. ಫಲಿತಾಂಶ ಮೊದಲೇ ಗೊತ್ತಿದ್ದುದರಿಂದ ಕ್ಷೇತ್ರಕಾರ್ಯ ಸುಸೂತ್ರವಾಗಿ ನಡೆಯಿತು.

ಮೊದಲಿಗೆ ಉಲ್ಲೇಖ ಕ್ರಮ. ಅಡ್ಡಹೆಸರು ಬರೆದು ಇಸವಿ ಹಾಕಿ ಎನ್ನುತ್ತದೆ ತರಬೇತಿ. ಈ ಕಡೆ ಅಡ್ಡಹೆಸರೆಂದರೆ ಊರು. ‘ಗೋಕಾಕ, 1981’ ಎಂದರೆ ಮಾತ್ರ ಊರಲ್ಲ, ಭಾಷಾ ಸಮಿತಿಯ ವರದಿ. ಅದರ ಅಧ್ಯಕ್ಷ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಶ್ರೀಕೃಷ್ಣ ಪಾರಿಜಾತಕ್ಕೆ ಬಂದರೆ ತೊಡಕು ಇನ್ನೂ ಬಿಗಿ. ಅಪರಾಳ ತಮ್ಮಣ್ಣ ರಚಿಸಿದ್ದನ್ನು ಕುಲಗೋಡ ತಮ್ಮಣ್ಣ ಬಯಲಾಟಕ್ಕೆ ಒಗ್ಗಿಸಿದ. ‘ತಮ್ಮಣ್ಣ ಮತ್ತು ತಮ್ಮಣ್ಣ’ ಎಂದು ನಮೂದಿಸಿದರೆ ತಂತ್ರಾಂಶವು ಬೆರಳಚ್ಚಿನ ದೋಷವೆಂದು ಬಗೆದು ಒಬ್ಬನನ್ನು ಅಳಿಸಿಬಿಡುತ್ತದೆ.

ಇನ್ನು ಕೃತಿಚೌರ್ಯ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಕೌಜಲಗಿ ನಿಂಗಮ್ಮ ಊರೂರಿಗೆ ಮುಟ್ಟಿಸಿದ ಪಾರಿಜಾತವನ್ನು ಹೋಲಿಕೆ ಹಿಡಿಯುವ ಯಂತ್ರಕ್ಕೆ ಹಾಕಿ ನೋಡಿ. ನಾರದ ಅದೇ ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೇ ಕೊಡುತ್ತಾನೆ, ಸತ್ಯಭಾಮೆ ಮತ್ತೆ ಮುನಿಯುತ್ತಾಳೆ. ಹೋಲಿಕೆ ನೂರಕ್ಕೆ ನೂರು! ನಿಂಗಮ್ಮನ ನೋಂದಣಿ ರದ್ದು, ಕೃಷ್ಣನಿಗೆ ಷೋಕಾಸ್ ನೋಟಿಸು. ಅತ್ತ, ಒಂದು ಆಟವನ್ನೂ ನೋಡದೆ, ಹಳೆಯ ಪ್ರಬಂಧಗಳ ವಾಕ್ಯಗಳನ್ನು ಹಿಂದುಮುಂದು ಮಾಡಿ ಜೋಡಿಸಿದವನು ಶೇ. 9ರಲ್ಲಿ ಪಾರಾಗಿ ಡಾಕ್ಟರ್ ಆಗುತ್ತಾನೆ.

ಪ್ರಶ್ನಾವಳಿಯ ಪ್ರಯೋಗವೂ ನಡೆಯಿತೆಂದು ಇಟ್ಟುಕೊಳ್ಳೋಣ. ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಖಾನೆಗಳನ್ನು ಹಿರಿಯ ಕಲಾವಿದೆಯೊಬ್ಬರು ತಿರುಗಿಸಿ ಮುರುಗಿಸಿ ನೋಡುತ್ತಾರೆ. “ತಮ್ಮಾ, ಇದರಾಗ ಹಾಡೂದು ಎಲ್ಲಿ ಬರದೈತಿ?” ಉತ್ತರಕ್ಕೆ ಕಾಯದೆ ಹಾಡಿಯೇಬಿಡುತ್ತಾರೆ. ಸಂಶೋಧಕ ‘ಇತರೆ’ ಎಂಬಲ್ಲಿ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾನೆ.

ಸ್ವತಂತ್ರ ಚರ: ಗೈಡ್ ಮನೆಗೆ ಒಯ್ದ ಗೋಕಾಕ ಕರದಂಟಿನ ತೂಕ. ಅವಲಂಬಿತ ಚರ: ಪ್ರಗತಿ ವರದಿಗೆ ಸಹಿ ಬೀಳಲು ಹಿಡಿದ ದಿನಗಳು. ಇವೆರಡರ ಸಹಸಂಬಂಧವನ್ನು ಪ್ರಕಟಿಸಲು ಗೈಡ್ ಅವರ ಅನುಮತಿ ಬೇಕಾಗಿದೆ.

ಪ್ರಾಕ್ಕಲ್ಪನೆಗೆ ಪುಷ್ಟಿ ಕೊಡುವ ಸಾಕ್ಷ್ಯ ಹುಕ್ಕೇರಿ ತಾಲ್ಲೂಕಿನದು. ಘೋಡಗೇರಿಯ ಚಂದ್ರಶೇಖರ ಕಂಬಾರರು ಡಾಕ್ಟರೇಟ್ ಪಡೆದದ್ದು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ. ‘ಸಂಶೋಧನೆ ಮತ್ತು ಪ್ರಕಟಣಾ ನೀತಿ’ ಎಂಬ ಎರಡು ಕ್ರೆಡಿಟ್‌ಗಳ, 30 ಗಂಟೆಗಳ ಪಾಠವನ್ನು ಯುಜಿಸಿ ರೂಪಿಸಿದ್ದು 2019ರಲ್ಲಿ. ಅಷ್ಟು ಹೊತ್ತು ಕಾಯದೆ ಅವರು ಆಟ ನೋಡಿಬಿಟ್ಟಿದ್ದರು. ಈ ಅಶಿಸ್ತನ್ನು ಇಲಾಖೆ ಮನ್ನಿಸಬೇಕು.

ಶಿಫಾರಸು ಒಂದೇ. ಪಾರಿಜಾತದ ದೂತಿ ಭಾಗವತನನ್ನು ಮಾತುಮಾತಿಗೆ ತಡೆದು ಕೇಳುವಂತೆ ಕೇಳುವ ಪರೀಕ್ಷಕರು ವೈವಾದಲ್ಲಿ ಅಪರೂಪ. ಹಾಗೆ ಕೇಳುವುದನ್ನು ಕಲಿಯಲೆಂದು ಆ 30 ಗಂಟೆಗಳಲ್ಲಿ ಒಂದು ರಾತ್ರಿಯನ್ನಾದರೂ ಬಯಲಾಟದ ಮುಂದೆ ಕಳೆಯಲು ಹುಡುಗರನ್ನು ಬಿಡಿ. ಹಾಜರಿ ಪುಸ್ತಕ ಬೇಡ, ಚಾಪೆ ಸಾಕು. ಪ್ರಶ್ನಾವಳಿಯನ್ನು ದಯವಿಟ್ಟು ಮನೆಯಲ್ಲೇ ಇಟ್ಟು ಬನ್ನಿ.